ಯಾರರ ಕೇಳಿರ್ಬೇಕು

2002ರಲ್ಲಿ ನಾನು ಮೂರನೇ ಕ್ಲಾಸು. ಕೊಪ್ಪಳ ಜಿಲ್ಲೆಯ ಒಂದು ಸಣ್ಣ ಊರು. ಆ ವರ್ಷ ನಮ್ಮ ಶಾಲೆಗೆ ಎರಡು ದೊಡ್ಡ ಅಲ್ಯೂಮಿನಿಯಂ ಪಾತ್ರೆ ಬಂದವು, ಜೊತೆಗೆ ಒಂದು ಉದ್ದ ಕೈಯಿನ ಸೌಟು. ಶಾಲೆಯ ಹಿಂದೆ ಬೇವಿನ ಮರದ ಕೆಳಗೆ ಮೂರು ಕಲ್ಲು ಇಟ್ಟು ಒಲೆ ಹೂಡಿದರು. ಅನ್ನ, ಬೇಳೆ ಸಾರು. ಮೊದಲ ದಿನ ಮಗ್ಗಿ ಹೇಳುತ್ತಾ ಕೂತಿದ್ದಾಗ ಕಿಟಕಿಯಿಂದ ಒಗ್ಗರಣೆ ವಾಸನೆ ಬಂತು. ಇಡೀ ಕ್ಲಾಸು ಏಳರ ಮಗ್ಗಿಯಲ್ಲೇ ನಿಂತುಬಿಟ್ಟಿತು. ಮೇಷ್ಟ್ರು ಬಯ್ಯಲಿಲ್ಲ. ಅವರೂ ಕಿಟಕಿ ಕಡೆ ನೋಡುತ್ತಿದ್ದರು.

ಅದಕ್ಕೂ ಮುಂಚೆ ನಮಗೆ ಕೊಡುತ್ತಿದ್ದದ್ದು ಅಕ್ಕಿ. ಹಾಜರಿ ಸರಿಯಾಗಿದ್ದರೆ ತಿಂಗಳಿಗೆ ಮೂರು ಕೆಜಿ. ಅವ್ವ ಕೈಚೀಲ ತಂದು ಒಯ್ಯುತ್ತಿದ್ದಳು. ಮನೆಯಲ್ಲಿ ಏಳು ಜನ. ಮೂರು ಕೆಜಿ ಎಷ್ಟು ಹೊತ್ತು ಇರುತ್ತದೆ? ನಮ್ಮ ಕಡೆ ದಿನಾ ಉಣ್ಣುವುದು ಜೋಳದ ರೊಟ್ಟಿ. ಅನ್ನ ಅಂದರೆ ಹಬ್ಬ. ಹಾಗಾಗಿ ಆ ಅಕ್ಕಿ ಒಮ್ಮೊಮ್ಮೆ ಅಂಗಡಿಗೂ ಹೋಗಿದ್ದುಂಟು. ಆದರೆ ತಟ್ಟೆಗೆ ಬಿದ್ದ ಬಿಸಿ ಅನ್ನವನ್ನು ಯಾರೂ ಅಂಗಡಿಗೆ ಒಯ್ಯುವ ಹಾಗಿರಲಿಲ್ಲ. ಅದು ನನ್ನದು, ನಾನೇ ಉಣ್ಣಬೇಕು.

ಸಂಜೆ ಮನೆಗೆ ಬಂದು ಅಜ್ಜಿಗೆ ಹೇಳಿದೆ. ಅಜ್ಜಿ ಕಾಳು ಹಸನು ಮಾಡುತ್ತಾ ಕೂತಿದ್ದಳು. ಮೊರ ಪಕ್ಕಕ್ಕಿಟ್ಟು, "ಯಾರ್ ಕೊಡ್ತಾರಬೇ ಇದನ್ನ?" ಅಂದಳು.

"ಸರ್ಕಾರ."

"ಸರ್ಕಾರ ತಾನಾಗೇ ಕೊಡ್ತತೇನು? ಯಾರರ ಕೇಳಿರ್ಬೇಕು."

ಅಷ್ಟು ಹೇಳಿ ಮತ್ತೆ ಮೊರ ಎತ್ತಿಕೊಂಡಳು. ನಾನು ಆಡಲು ಓಡಿದೆ.

ಅದಾಗಿ ಹದಿಮೂರು ವರ್ಷಕ್ಕೆ ನಾನು ಬೆಂಗಳೂರಿಗೆ ಬಂದೆ. ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಂಗ್ ಕೆಲಸ ಸಿಕ್ಕಿತು. ಅರ್ಜಿ, ಅಫಿಡವಿಟ್, ಹಳೇ ತೀರ್ಪುಗಳಿಂದ ಎತ್ತಿದ ಪ್ಯಾರಾಗಳು, ಎಲ್ಲ ಟೈಪ್ ಮಾಡಬೇಕು. ಟೈಪ್ ಮಾಡುವವರು ಅರ್ಥಕ್ಕಿಂತ ಅಕ್ಷರ ನೋಡುತ್ತಾರೆ. ಆದರೂ ಕೆಲವು ಹೆಸರು ಪದೇ ಪದೇ ಬಂದರೆ ಬೆರಳಿಗೇ ಗುರುತು ಸಿಕ್ಕಿಬಿಡುತ್ತದೆ. 'ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ವಿರುದ್ಧ ಭಾರತ ಒಕ್ಕೂಟ'. ಫೋನ್ ಕದ್ದಾಲಿಕೆ ಕೇಸಿನಲ್ಲಿ ಇದೇ ಹೆಸರು. ಚುನಾವಣೆ ಕೇಸಿನಲ್ಲೂ ಇದೇ. ಒಂದು ದಿನ ಸುಪ್ರೀಂ ಕೋರ್ಟಿನ 2001ರ ಒಂದು ಆದೇಶ ಟೈಪ್ ಮಾಡುತ್ತಿದ್ದೆ, ಅದರ ಮೇಲೂ ಇದೇ ಹೆಸರು. ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೂ ಬೇಯಿಸಿದ ಮಧ್ಯಾಹ್ನದ ಊಟ ಕೊಡಬೇಕು. ದಿನಕ್ಕೆ ಕಡಿಮೆ ಅಂದರೂ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನ್. ವರ್ಷಕ್ಕೆ 200 ದಿನ. ತಾರೀಖು 28 ನವೆಂಬರ್ 2001.

ಕೈ ನಿಂತಿತು. ಅಲ್ಲಿಂದ ಏಳೆಂಟು ತಿಂಗಳಿಗೆ ನಮ್ಮ ಬೇವಿನ ಮರದ ಕೆಳಗೆ ಒಲೆ ಹೊತ್ತಿತ್ತು, ಅಲ್ವಾ? ಮೇಲೆ ಹೋಗಿ ಅರ್ಜಿದಾರರ ಹೆಸರು ಮತ್ತೆ ಓದಿದೆ. ಕೇಳಿದವರು ಇವರು.

ಜನರ ಹಕ್ಕುಗಳ ಪರ ನಿಲ್ಲುವ ಆ ಸಂಸ್ಥೆಗೆ 2026ರ ಅಕ್ಟೋಬರ್ 17ಕ್ಕೆ ಐವತ್ತು ವರ್ಷ ತುಂಬುತ್ತದೆ. ಎಲ್ಲರೂ ಕರೆಯುವುದು ಪಿಯುಸಿಎಲ್ ಅಂತ. ನಮ್ಮೂರಲ್ಲಿ ಪಿಯುಸಿ ಗೊತ್ತು, ಪಿಯುಸಿಎಲ್ ಗೊತ್ತಿಲ್ಲ. ಅಪ್ಪನಿಗೆ ಮೊದಲ ಸಲ ಹೇಳಿದಾಗ, "ಕಾಲೇಜಿನ ಹುಡುಗರದೇನು?" ಅಂತ ಕೇಳಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇಷ್ಟು ಜನರ ತಟ್ಟೆಗೆ ಅನ್ನ ಬರುವುದಕ್ಕೆ ಒಂದು ಕಾರಣವಾದವರ ಹೆಸರು ಆ ತಟ್ಟೆಯಲ್ಲಿ ಉಂಡವರಿಗೇ ಗೊತ್ತಿಲ್ಲ ಅನ್ನುವುದು ನನಗೆ ತುಂಬಾ ದಿನದಿಂದ ಕೊರೆಯುತ್ತಿದೆ.

ಊಟದ ಕೇಸು ಶುರುವಾದದ್ದು ರಾಜಸ್ಥಾನದಲ್ಲಿ. ಅಲ್ಲಿ ಸಾಲು ಸಾಲು ಬರ ಬಿದ್ದಿತ್ತು. ಜನ ಹಸಿದಿದ್ದರು. ಅದೇ ಹೊತ್ತಿಗೆ ಜೈಪುರದ ಹತ್ತಿರ ಭಾರತೀಯ ಆಹಾರ ನಿಗಮದ ಗೋದಾಮುಗಳು ತುಂಬಿ ಚೀಲಗಳು ಹೊರಗೆ ಬಿದ್ದಿದ್ದವು. ಮಳೆಗೆ ನೆನೆದು ಕಾಳು ಕೊಳೆಯುತ್ತಿತ್ತು. ರಾಜಸ್ಥಾನದ ಪಿಯುಸಿಎಲ್‌ನವರು, ಅದರಲ್ಲಿ ಕವಿತಾ ಶ್ರೀವಾಸ್ತವ ಮುಂದೆ ನಿಂತು, 2001ರ ಏಪ್ರಿಲ್‌ನಲ್ಲಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಸಂವಿಧಾನದ 21ನೇ ವಿಧಿ ಬದುಕುವ ಹಕ್ಕು ಕೊಟ್ಟಿದೆ. ಉಣ್ಣದೆ ಬದುಕುವುದು ಹೇಗೆ? ಇಷ್ಟೇ ಅವರ ವಾದ. ವಕೀಲ ಕಾಲಿನ್ ಗೊನ್ಸಾಲ್ವಿಸ್ ವಾದ ಮಾಡಿದರು. ಮೊದಲು ಕೆಲವೇ ರಾಜ್ಯಗಳ ಮೇಲಿದ್ದ ಕೇಸು ಆಮೇಲೆ ಇಡೀ ದೇಶಕ್ಕೆ ಹರಡಿತು. ಬಿಸಿಯೂಟ, ಅಂಗನವಾಡಿ, ರೇಷನ್ ಎಲ್ಲ ಅದರೊಳಗೆ ಬಂದವು. ವರ್ಷಗಟ್ಟಲೆ ನಡೆಯಿತು. 2013ರ ಆಹಾರ ಭದ್ರತಾ ಕಾಯ್ದೆಗೆ ಮಣ್ಣು ಹದ ಮಾಡಿದ್ದು ಅದೇ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಶಾಲೆಯಲ್ಲಿ ಊಟ ಹಾಕುವುದನ್ನು ಇವರು ಕಂಡುಹಿಡಿಯಲಿಲ್ಲ. ತಮಿಳುನಾಡಿನಲ್ಲಿ ಎಂ.ಜಿ.ಆರ್ ಕಾಲದಲ್ಲೇ, 1982ರಲ್ಲಿ ದೊಡ್ಡದಾಗಿ ಶುರುವಾಗಿತ್ತು. ನಮ್ಮ ರಾಜ್ಯದಲ್ಲೂ ಅಕ್ಷರ ದಾಸೋಹ ನಡೆಸಿದ ಅಧಿಕಾರಿಗಳು, ಹೊಗೆಯಲ್ಲಿ ಕಣ್ಣು ಉಜ್ಜಿಕೊಂಡು ಬೇಯಿಸಿದ ಹೆಂಗಸರು ಎಲ್ಲರ ಪಾಲೂ ಇದೆ. ಆದರೆ ಕೊಟ್ಟರೂ ಆಯಿತು, ಬಿಟ್ಟರೂ ಆಯಿತು ಅನ್ನುವಂತಿದ್ದ ಊಟ ಆ ಆದೇಶದಿಂದ ಹಕ್ಕಾಯಿತು. ಉತ್ತರ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಮೊದಲು ಬಂತು. ಅದರಲ್ಲಿ ನಮ್ಮದೂ ಒಂದು.

ಊಟ ಕೇಳಿದ ಸಂಸ್ಥೆ ಹುಟ್ಟಿದ್ದು ಮಾತ್ರ ಜೈಲಿನ ಕಾಲದಲ್ಲಿ.

ನನ್ನ ಆಫೀಸಿನಿಂದ ಫ್ರೀಡಂ ಪಾರ್ಕ್ ದೂರ ಇಲ್ಲ. ಶೇಷಾದ್ರಿ ರಸ್ತೆಯ ಆ ಜಾಗ ಮೊದಲು ಬೆಂಗಳೂರಿನ ಸೆಂಟ್ರಲ್ ಜೈಲು. ಮಧ್ಯಾಹ್ನ ಡಬ್ಬಿ ಹಿಡಿದುಕೊಂಡು ಎಷ್ಟೋ ಸಲ ಅಲ್ಲಿ ಕೂತಿದ್ದೇನೆ. ಕಾವಲು ಗೋಪುರ ಹಾಗೇ ಇದೆ. ಹಳೇ ಬ್ಯಾರಕ್‌ಗಳಲ್ಲಿ ಕೆಲವು ಉಳಿದಿವೆ. ಅದರೊಳಗೆ ಹೋಗಿ ನಿಂತರೆ ಹೊರಗಿನ ಬಸ್ಸಿನ ಸದ್ದೂ ಬೇರೆ ಊರಿನದು ಅನ್ನಿಸುತ್ತದೆ. ಕಾಲೇಜು ಹುಡುಗ ಹುಡುಗಿಯರು ಕಂಬಿ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ.

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಸಂಸತ್ತಿನ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇಲ್ಲೇ ಬಂಧನಕ್ಕೊಳಗಾಗಿ ಇದೇ ಜೈಲಿಗೆ ಬಂದರು. ಆಮೇಲೆ ಎಚ್.ಡಿ. ದೇವೇಗೌಡರೂ ಇಲ್ಲಿದ್ದರು. ದೊಡ್ಡವರ ಹೆಸರು ಎಲ್ಲರಿಗೂ ನೆನಪಿರುತ್ತದೆ. ನನ್ನನ್ನು ಹಿಡಿದು ನಿಲ್ಲಿಸುವುದು ಸ್ನೇಹಲತಾ ರೆಡ್ಡಿ ಅವರ ಹೆಸರು. ನಾಟಕದವರು, ಕನ್ನಡ ಸಿನಿಮಾದಲ್ಲೂ ನಟಿಸಿದವರು. 1976ರ ಮೇನಲ್ಲಿ ಹಿಡಿದು ತಂದರು. ಆಸ್ತಮಾ ಇತ್ತು. ಎಂಟು ತಿಂಗಳು ಒಳಗೆ ಇಟ್ಟರು. ಕೊನೆಗೆ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. 1977ರ ಜನವರಿಯಲ್ಲಿ, ಇನ್ನು ಉಳಿಯುವುದು ಕಷ್ಟ ಅನ್ನುವಂತಾದ ಮೇಲೆ ಪೆರೋಲ್ ಮೇಲೆ ಬಿಟ್ಟರು. ಕೆಲವೇ ದಿನಕ್ಕೆ, ಜನವರಿ 20ರಂದು ತೀರಿಕೊಂಡರು. ಜೈಲಿನಲ್ಲಿ ಅವರು ಡೈರಿ ಬರೆದಿದ್ದರು. ಉಬ್ಬಸ ಬಂದವರಿಗೆ ಗಾಳಿ ಆಡದ ಕೋಣೆ ಹೇಗಿರುತ್ತದೆ ಅಂತ ನನಗೆ ಗೊತ್ತು, ನಮ್ಮ ಅವ್ವನಿಗೂ ಉಬ್ಬಸ ಇದೆ. ರಾತ್ರಿ ಎದ್ದು ಬಾಗಿಲು ತೆಗೆದು ಹೊಸ್ತಿಲ ಮೇಲೆ ಕೂರುತ್ತಾಳೆ. ಜೈಲಿನಲ್ಲಿ ಬಾಗಿಲು ತೆಗೆಯುವವರು ಯಾರು?

ಹಾಗೆ ಹಿಡಿದಿಟ್ಟದ್ದು ಸರಿಯೋ ತಪ್ಪೋ ಅಂತ ಕೋರ್ಟನ್ನು ಕೇಳುವ ದಾರಿಯೂ ಆಗ ಮುಚ್ಚಿತ್ತು. ಕರ್ನಾಟಕ ಹೈಕೋರ್ಟೂ ಸೇರಿ ಹಲವು ಹೈಕೋರ್ಟುಗಳು ಕೇಳಬಹುದು ಅಂದಿದ್ದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು, ಇಲ್ಲ, ಕೇಳುವ ಹಾಗಿಲ್ಲ ಅಂದರು. ಒಬ್ಬರೇ ಬೇರೆ ಬರೆದರು, ನ್ಯಾಯಮೂರ್ತಿ ಎಚ್.ಆರ್. ಖನ್ನಾ.

ಈ ತೀರ್ಪು ಬಂದು ಆರು ತಿಂಗಳೂ ಆಗಿರಲಿಲ್ಲ, ಅಕ್ಟೋಬರ್ 17ಕ್ಕೆ ಈ ಸಂಸ್ಥೆ ಕಟ್ಟಲು ಕೆಲವರು ಸೇರಿದರು. ಜನ ಸೇರುವುದೇ ಕಷ್ಟವಾಗಿದ್ದ ದಿನಗಳು ಅವು. ಕರೆದವರು ಜಯಪ್ರಕಾಶ ನಾರಾಯಣ, ಜನ ಜೆಪಿ ಅನ್ನುತ್ತಿದ್ದವರು. ಜೈಲಿನಲ್ಲಿದ್ದಾಗಲೇ ಅವರ ಕಿಡ್ನಿ ಹೋಗಿತ್ತು. ಬಿಡುಗಡೆಯಾದ ಮೇಲೆ ಡಯಾಲಿಸಿಸ್ ಮೇಲೆ ಬದುಕಿದ್ದರು. ಸಭೆ ಉದ್ಘಾಟಿಸಿದ್ದು ಆಚಾರ್ಯ ಕೃಪಲಾನಿ, ಆಗ ಅವರಿಗೆ ತೊಂಬತ್ತರ ಹತ್ತಿರ ವಯಸ್ಸು. ಹೊಣೆ ಹೊತ್ತದ್ದು ವಿ.ಎಂ. ತಾರ್ಕುಂಡೆ, ಬಾಂಬೆ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಆಗಿದ್ದವರು, ಮಾನವತಾವಾದಿ ಚಿಂತಕ ಎಂ.ಎನ್. ರಾಯ್ ಅವರ ದಾರಿಯವರು. ಕಾರ್ಯದರ್ಶಿ ಕೃಷ್ಣಕಾಂತ್, ಮುಂದೆ ಉಪರಾಷ್ಟ್ರಪತಿ ಆದರಲ್ಲ, ಅವರೇ. ಒಬ್ಬರು ಸಮಾಜವಾದದಿಂದ ಸರ್ವೋದಯಕ್ಕೆ ಬಂದವರು, ಒಬ್ಬರು ಗಾಂಧಿಯ ಜೊತೆಗಾರ, ಒಬ್ಬರು ದೇವರನ್ನು ನಂಬದ ವಿಚಾರವಾದಿ, ಒಬ್ಬರು ಕಾಂಗ್ರೆಸ್ಸಿನಿಂದ ಹೊರಬಿದ್ದವರು. ಬೇರೆ ಯಾವ ವಿಷಯಕ್ಕೆ ಕೂತರೂ ಜಗಳ ಆಗಬಹುದಾದ ಜನ. ಯಾವ ಪಕ್ಷದವರಾದರೂ ಬಂದು ನಿಲ್ಲಬಹುದಾದ, ಯಾವ ಪಕ್ಷದ್ದೂ ಅಲ್ಲದ ಒಂದು ಜಾಗ ಇರಲಿ ಅನ್ನುವುದು ಜೆಪಿ ಆಸೆ.

ಇದು ಹೊಸ ಆಸೆಯೂ ಅಲ್ಲ. 1936ರಲ್ಲೇ ನೆಹರೂ ಇಂಥದ್ದೇ ಸಂಘ ಕಟ್ಟಿಸಿದ್ದರು. ಟ್ಯಾಗೋರ್ ಅದರ ಅಧ್ಯಕ್ಷರು, ಸರೋಜಿನಿ ನಾಯ್ಡು ಕಾರ್ಯಾಧ್ಯಕ್ಷರು. ಸ್ವಾತಂತ್ರ್ಯ ಬಂದ ಮೇಲೆ ಅದು ಸುಮ್ನೆ ಕರಗಿಹೋಯಿತು. ನಮ್ಮವರದೇ ಸರ್ಕಾರ ಬಂತಲ್ಲ, ಇನ್ನು ಯಾಕೆ ಅಂತ ಅನ್ನಿಸಿರಬೇಕು. ಪಿಯುಸಿಎಲ್‌ಗೂ ಹೀಗೇ ಆಗಿತ್ತು. 1977ರಲ್ಲಿ ಜನತಾ ಸರ್ಕಾರ ಬಂದಾಗ ಜೊತೆಗಿದ್ದವರೇ ಮಂತ್ರಿಗಳಾದರು, ಸಂಘ ಮಂಕಾಯಿತು. 1980ರ ನವೆಂಬರ್‌ನಲ್ಲಿ ಮತ್ತೆ ಸೇರಿ, ಈಗಿರುವ ಹೆಸರಿನಲ್ಲಿ, ಸದಸ್ಯತ್ವ ನಿಯಮ ಎಲ್ಲ ಬರೆದುಕೊಂಡು ಗಟ್ಟಿಯಾಗಿ ಕಟ್ಟಿದರು. ಅವರ ಐವತ್ತು ವರ್ಷದಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಈ 1980. ಕಷ್ಟ ಬಂದಾಗ ಸೇರುವುದು ಎಲ್ಲರಿಗೂ ಆಗುತ್ತದೆ. ನಮ್ಮವರು ಗದ್ದುಗೆ ಹತ್ತಿದಾಗಲೂ ಕಣ್ಣು ಬಿಟ್ಟುಕೊಂಡಿರಬೇಕು ಅನ್ನುವುದನ್ನು ಅವರು ಒಂದು ಸಲ ಎಡವಿ ಕಲಿತರು.

ಫೋನ್ ಕದ್ದಾಲಿಕೆ ಕೇಸು ಕರ್ನಾಟಕದವರಿಗೆ ಬೇಗ ಅರ್ಥವಾಗುತ್ತದೆ. 1988ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನ ಬಿಟ್ಟದ್ದೇ ಆ ಆರೋಪಕ್ಕೆ. ಆಗಿನ ಕಾನೂನು 1885ರದ್ದು, ಬ್ರಿಟಿಷರ ಟೆಲಿಗ್ರಾಫ್ ಕಾಯ್ದೆ. ಯಾರು ಆದೇಶ ಕೊಡಬೇಕು, ಎಷ್ಟು ದಿನ ಕೇಳಬಹುದು, ಯಾವುದಕ್ಕೂ ಸರಿಯಾದ ಲಗಾಮು ಇರಲಿಲ್ಲ. ಪಿಯುಸಿಎಲ್ ಕೇಳಿತು. 1996ರ ಡಿಸೆಂಬರ್ 18ರಂದು ತೀರ್ಪು ಬಂತು. ಗೃಹ ಕಾರ್ಯದರ್ಶಿಯೇ ಆದೇಶ ಕೊಡಬೇಕು, ಒಂದು ಆದೇಶ ಎರಡು ತಿಂಗಳು, ಏನೇ ಆದರೂ ಆರು ತಿಂಗಳಿಗಿಂತ ಜಾಸ್ತಿ ಇಲ್ಲ, ಮೇಲೆ ಒಂದು ಪರಿಶೀಲನಾ ಸಮಿತಿ. ಫೋನಿನಲ್ಲಿ ಆಡುವ ಮಾತು ಖಾಸಗಿ ಅಂತ ಅವತ್ತು ಬರೆದದ್ದು 2017ರಲ್ಲಿ ಮತ್ತೆ ಕೈಹಿಡಿಯಿತು. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿನ ಕೇಸಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರು. 1976ರ ಆ ತೀರ್ಪು ತಪ್ಪು ಅಂತ ಹೇಳಿದ್ದೂ ಅದರಲ್ಲೇ. ನಲವತ್ತೊಂದು ವರ್ಷ ಆಗಿತ್ತು.

ಚುನಾವಣೆಗೆ ನಿಂತವರ ಮೇಲಿನ ಕೇಸು, ಆಸ್ತಿ ಎಲ್ಲ ಪೇಪರಿನಲ್ಲಿ ಬರುತ್ತದಲ್ಲ, ಅದನ್ನು ಮತದಾರರಿಂದ ಮುಚ್ಚಿಡಲು ಕಾನೂನಿಗೆ ಒಂದು ತಿದ್ದುಪಡಿ ತಂದಿದ್ದರು. 2003ರಲ್ಲಿ ಸುಪ್ರೀಂ ಕೋರ್ಟು ಅದನ್ನು ಬೀಳಿಸಿದ ಕೇಸಿನಲ್ಲಿ ಇವರಿದ್ದರು. ನಿಂತವರಲ್ಲಿ ಯಾರೂ ಬೇಡ ಅನ್ನಲು ಮತಯಂತ್ರದಲ್ಲಿರುವ ನೋಟಾ ಗುಂಡಿ 2013ರದ್ದು, ಅದೂ ಇವರದೇ ಅರ್ಜಿ.

ಇವಿಷ್ಟು ಹೇಳಿದರೆ ಯಾರೂ ಜಗಳಕ್ಕೆ ಬರುವುದಿಲ್ಲ. ಊಟ, ಮತ, ಫೋನು, ಎಲ್ಲರಿಗೂ ಬೇಕಾದದ್ದು. ಜಗಳ ಬೇರೆ ಕಡೆ ಇದೆ.

ನಮ್ಮ ಸೋದರಮಾವ ಊರಿಗೆ ಹೋದಾಗಲೆಲ್ಲ ಕೆಣಕುತ್ತಾನೆ. "ಏನವ್ವ, ನಿಮ್ಮೋರು ಮತ್ತ ಕಳ್ಳರ ಪರ ನಿಂತಾರಂತ?" ಪೊಲೀಸರ ಗುಂಡಿಗೆ ಸತ್ತವರ ಬಗ್ಗೆ ಇವರು ಯಾಕೆ ತಲೆ ಕೆಡಿಸಿಕೊಳ್ಳಬೇಕು ಅನ್ನುವುದು ಅವನ ಪ್ರಶ್ನೆ. ಸತ್ತವನು ಕೊಲೆಗಾರ ಆಗಿದ್ದರೆ? ಮಾವ ಕೆಟ್ಟವನಲ್ಲ. ಊರಿನಲ್ಲಿ ಯಾರಿಗೆ ಕಷ್ಟ ಬಂದರೂ ಮೊದಲು ಹೋಗುವವನು ಅವನೇ. ಅವನ ಪ್ರಶ್ನೆ ನನ್ನೊಳಗೂ ಇದೆ. ಒಂದು ಸಲ ಆಫೀಸಿನಲ್ಲಿ ಒಂದು ಜಾಮೀನು ಅರ್ಜಿ ಟೈಪ್ ಮಾಡಬೇಕಿತ್ತು. ಆರೋಪ ಓದಿ ಹೊಟ್ಟೆ ತೊಳಸಿತು. ಎದ್ದು ಹೋಗಿ ನೀರು ಕುಡಿದು ಬಂದೆ. ಇಂಥವನ ಪರ ನನ್ನ ಬೆರಳು ಯಾಕೆ ಓಡಬೇಕು ಅನ್ನಿಸಿತು. ನಮ್ಮ ವಕೀಲರು ನೋಡಿ, "ಅವನು ಮಾಡಿದ್ದಾನಾ ಇಲ್ಲವಾ ಅಂತ ನಿನಗೆ ಹೇಗೆ ಗೊತ್ತಾಯ್ತಮ್ಮ?" ಅಂದರು. ಪೇಪರಿನಲ್ಲಿ ಬಂದಿತ್ತು ಅಂದೆ. ಅವರು ಏನೂ ಹೇಳಲಿಲ್ಲ. ನಾನು ಕೂತು ಟೈಪ್ ಮಾಡಿದೆ.

ಮಾವನಿಗೆ ನಾನು ಹೇಳುವುದು ಇಷ್ಟೇ. 2014ರಲ್ಲಿ ಸುಪ್ರೀಂ ಕೋರ್ಟು, ಪಿಯುಸಿಎಲ್ ಹಾಕಿದ ಕೇಸಿನಲ್ಲೇ, ಎನ್‌ಕೌಂಟರ್‌ನಲ್ಲಿ ಸಾವಾದರೆ ಎಫ್‌ಐಆರ್ ಹಾಕಿ, ಬೇರೆ ಠಾಣೆಯವರೋ ಸಿಐಡಿಯವರೋ ತನಿಖೆ ಮಾಡಲಿ, ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಲಿ ಅಂತ ಹದಿನಾರು ಸೂಚನೆ ಕೊಟ್ಟಿತು. ಅದರಲ್ಲಿ ಕಳ್ಳನನ್ನು ಬಿಟ್ಟುಬಿಡಿ ಅನ್ನುವ ಸಾಲು ಎಲ್ಲೂ ಇಲ್ಲ. ಏನಾಯಿತು ಅಂತ ಬರೆದಿಡಿ ಅಂತ ಇದೆ. ಮಾವ ಒಪ್ಪಿಲ್ಲ. ಮುಂದಿನ ಸಲ ಮತ್ತೆ ಕೇಳುತ್ತಾನೆ, ಮತ್ತೆ ಹೇಳುತ್ತೇನೆ.

2001ರಲ್ಲಿ ಕರ್ನಾಟಕದ ಪಿಯುಸಿಎಲ್ ಒಂದು ವರದಿ ತಂದಿತು. ಬೆಂಗಳೂರಿನಲ್ಲಿ ಲೈಂಗಿಕ ಅಲ್ಪಸಂಖ್ಯಾತರು ಪೊಲೀಸರಿಂದ, ಮನೆಯವರಿಂದ, ಡಾಕ್ಟರುಗಳಿಂದ ಏನೇನು ಅನುಭವಿಸುತ್ತಿದ್ದಾರೆ ಅನ್ನುವುದರ ಮೇಲೆ. 2003ರಲ್ಲಿ ಹಿಜ್ರಾ ಮತ್ತು ಕೋಥಿ ಸಮುದಾಯದ ಮೇಲೆ ಇನ್ನೊಂದು. ಆಗ ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ ಇನ್ನೂ ಇತ್ತು, ಅದು ಸಡಿಲವಾಗಿದ್ದು 2018ರಲ್ಲಿ. ಹಕ್ಕು ಹಕ್ಕು ಅನ್ನುವವರಲ್ಲೂ ಎಷ್ಟೋ ಜನ ಇದು ನಮ್ಮ ವಿಷಯ ಅಲ್ಲ ಅಂತ ದೂರ ನಿಂತಿದ್ದ ಕಾಲ. ಆ ವರದಿಗಳನ್ನು ಓದಿದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಚಪ್ಪಾಳೆ ಸದ್ದು ಕೇಳಿದರೆ ನಾನು ಮುಖ ತಿರುಗಿಸುವುದು ಬಿಟ್ಟೆ. ಮಾತಾಡಿಸುತ್ತೇನೆ. ನಾವು ದಿನಾ ಚಹಾ ಕುಡಿಯುವ ಗಾಡಿ ಹತ್ತಿರ ಬರುವ ಒಬ್ಬರು ಕೊಪ್ಪಳ ಕಡೆಯವರೇ ಅಂತ ಗೊತ್ತಾಗಿದ್ದು ಹಾಗೆ. ಇಬ್ಬರೂ ನಿಂತು ನಮ್ಮ ಕಡೆಯ ಮಾತಿನಲ್ಲಿ ಮಳೆ ಬೆಳೆ ಮಾತಾಡುತ್ತೇವೆ.

ಇಷ್ಟೆಲ್ಲ ಮಾಡುವವರ ಆಫೀಸು ದೊಡ್ಡದಿರಬೇಕು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಯಾವ ಫಂಡಿಂಗ್ ಏಜೆನ್ಸಿಯಿಂದಲೂ, ದೇಶದ್ದಿರಲಿ ವಿದೇಶದ್ದಿರಲಿ, ದುಡ್ಡು ತೆಗೆದುಕೊಳ್ಳುವುದಿಲ್ಲ ಅನ್ನುವುದು ಅವರ ನಿಯಮ. ಸದಸ್ಯರೇ ಕೈಯಿಂದ ಹಾಕಿ ನಡೆಸುತ್ತಾರೆ. ನಾನು ಹೋಗಿದ್ದ ಒಂದು ಸಭೆಯಲ್ಲಿ ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿ ಇದ್ದವು, ಹದಿನಾಲ್ಕು ಜನ ಇದ್ದೆವು. ನಿವೃತ್ತ ಮೇಷ್ಟ್ರು, ಇಬ್ಬರು ವಕೀಲರು, ಓದುವ ಹುಡುಗಿಯರು. ಎಲ್ಲೋ ಒಂದು ಗಲಾಟೆ ಆಗಿತ್ತು, ಯಾರು ಹೋಗಿ ನೋಡಿ ಬರುವುದು ಅನ್ನುವ ಮಾತು. ಅವರು ಸತ್ಯಶೋಧನೆ ಅನ್ನುತ್ತಾರೆ. ಹೋಗಬೇಕು, ಏಟು ತಿಂದವರನ್ನು ಕೇಳಬೇಕು, ಪೊಲೀಸರನ್ನೂ ಕೇಳಬೇಕು, ತಹಶೀಲ್ದಾರರನ್ನೂ ಕೇಳಬೇಕು, ಬರೆಯಬೇಕು. ಬಸ್ ಚಾರ್ಜು ಯಾರದು ಅಂತ ಕೇಳಿದ್ದಕ್ಕೆ ಮೇಷ್ಟ್ರು, "ಅವರವರದೇ" ಅಂದರು. ಬರೆದದ್ದನ್ನು ಟೈಪ್ ಮಾಡಿಕೊಡುತ್ತೇನೆ ಅಂದೆ. ಅಷ್ಟು ನನ್ನ ಪಾಲು.

ಅವರ ಮೇಲೆ ನನಗೆ ಒಂದು ಕೊರಗಿದೆ. ಮುಖ್ಯವಾದದ್ದೆಲ್ಲ ಮೊದಲು ಇಂಗ್ಲಿಷಿನಲ್ಲಿ ಬರುತ್ತದೆ. ಕನ್ನಡದಲ್ಲಿ ತಡವಾಗಿ ಬರುತ್ತದೆ, ಕೆಲವು ಬರುವುದೇ ಇಲ್ಲ. ನಮ್ಮ ಮಾವ ಇಂಗ್ಲಿಷ್ ಓದುವುದಿಲ್ಲ. ಅವನು ಓದಿ ಜಗಳ ಮಾಡಲಿ ಅನ್ನುವುದು ನನ್ನ ಆಸೆ. ಐವತ್ತನೇ ವರ್ಷದಲ್ಲಿ ಆ ಹಳೇ ವರದಿಗಳಲ್ಲಿ ಒಂದಿಷ್ಟಾದರೂ ಜೋಳದ ರೊಟ್ಟಿಯಷ್ಟು ಸಲೀಸಾದ ಕನ್ನಡಕ್ಕೆ ಬರಲಿ. ಟೈಪಿಂಗ್ ನನ್ನದು, ದುಡ್ಡು ಬೇಡ.

ಗೆದ್ದ ಕೇಸು ಗೆದ್ದೇ ಇರುತ್ತದೆ ಅಂತಲೂ ಇಲ್ಲ. ಫೇಸ್‌ಬುಕ್‌ನಲ್ಲಿ ಏನೋ ಬರೆದರು ಅಂತ ಹಿಡಿಯುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ 2015ರ ಮಾರ್ಚ್‌ನಲ್ಲಿ ಬಿದ್ದುಹೋಯಿತು. ಆದರೂ ಠಾಣೆಗಳಲ್ಲಿ ಅದೇ ಸೆಕ್ಷನ್ ಕೆಳಗೆ ಕೇಸು ಬರೆಯುತ್ತಲೇ ಇದ್ದರು. 2021ರಲ್ಲಿ ಪಿಯುಸಿಎಲ್ ಮತ್ತೆ ಸುಪ್ರೀಂ ಕೋರ್ಟಿಗೆ ಹೋಗಿ ಅದನ್ನು ತೋರಿಸಬೇಕಾಯಿತು. ಸತ್ತ ಕಾನೂನಿಗೂ ಕಾವಲು ಬೇಕು. ಬೆಂಗಳೂರಿನಲ್ಲಿ ಈಗ ಪ್ರತಿಭಟನೆ ಮಾಡಬೇಕು ಅಂದರೆ ಫ್ರೀಡಂ ಪಾರ್ಕಿಗೇ ಹೋಗಬೇಕು, ಬೇರೆ ಕಡೆ ಬಿಡುವುದಿಲ್ಲ. ಅಂಗನವಾಡಿ ಅಕ್ಕಂದಿರು, ಬಿಸಿಯೂಟದ ಅಡುಗೆಯವರು ಸಂಬಳ ಜಾಸ್ತಿ ಮಾಡಿ ಅಂತ ಬಂದು ಆ ಹಳೇ ಜೈಲಿನ ಅಂಗಳದಲ್ಲಿ ಬಿಸಿಲಿಗೆ ಸೆರಗು ಹೊದ್ದು ಕೂರುತ್ತಾರೆ. ಒಂದು ಸಲ ನಮ್ಮ ತಾಲೂಕಿನ ಬ್ಯಾನರ್ ಕಂಡು ಓಡಿ ಹೋಗಿದ್ದೆ. ಅವತ್ತು ನನ್ನ ಡಬ್ಬಿಯ ಚಿತ್ರಾನ್ನ ಅವರ ಜೊತೆ ಹಂಚಿಕೊಂಡು ತಿಂದೆ. ಅವರಲ್ಲಿ ಒಬ್ಬರು ಇಪ್ಪತ್ತು ವರ್ಷದಿಂದ ಶಾಲೆಯಲ್ಲಿ ಅನ್ನ ಬೇಯಿಸುತ್ತಿದ್ದರು.

ಕೇಳಿದವರು ಯಾರು ಅಂತ ಅಜ್ಜಿಗೆ ಹೇಳುವುದಕ್ಕೆ ನನಗೆ ಒಂದು ಅವಕಾಶ ಸಿಕ್ಕಿತು. ಅವಳು ತೀರಿಕೊಳ್ಳುವ ಹಿಂದಿನ ದೀಪಾವಳಿಗೆ ಊರಿಗೆ ಹೋಗಿದ್ದೆ. ಕಿವಿ ಮಂದ ಆಗಿತ್ತು, ಹತ್ತಿರ ಕೂತು ಜೋರಾಗಿ ಹೇಳಬೇಕು. ಅಜ್ಜಿ, ಶಾಲ್ಯಾಗ ಊಟ ಹಾಕ್ರಿ ಅಂತ ಕೇಳಿದವರು ಸಿಕ್ಕರು, ರಾಜಸ್ಥಾನದವರು, ದಿಲ್ಲಿ ಕೋರ್ಟಿಗೆ ಹೋಗಿ ಕೇಳಿದರಂತ, ಅದರಾಗ ಒಬ್ಬ ಹೆಣ್ಮಗಳು ಮುಂದ ನಿಂತಿದ್ಲು ಅಂತ ಎಲ್ಲ ಹೇಳಿದೆ. ಸಂಘದ ಹೆಸರು ಹೇಳಿದ್ದು ಅವಳಿಗೆ ಹತ್ತಲಿಲ್ಲ. ಹೆಣ್ಮಗಳು ಅನ್ನುವುದು ಹತ್ತಿತು.

"ಅವರು ನಮ್ಮೂರಿಗೆ ಎಂದರ ಬಂದಿದ್ರೇನು?"

"ಇಲ್ಲ ಅಜ್ಜಿ."

ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಮೇಲೆ ನನ್ನ ಕೈ ಹಿಡಿದು, "ಬಂದ್ರ ಹೇಳವ್ವ. ರೊಟ್ಟಿ ಬಡಿತೀನಿ" ಅಂದಳು.